ನಡುಹಲಗೆಯ ಡಬ್ಬಿಗಳು

ಹೆದರಿಕೆಯ ವಿಷಯದಲ್ಲಿ ಮನುಷ್ಯರನ್ನು ಎರಡು ಜಾತಿಯಾಗಿ ವಿಂಗಡಿಸಬಹುದು. ಕಷ್ಟ ಬಂದಾಗ ಹೆದರುವವರು ಒಂದು ಜಾತಿ. ಕಷ್ಟ ಬರುವುದಕ್ಕೆ ಮೊದಲೇ ಹೆದರಿ ಮುಗಿಸಿ, ಅದು ಇನ್ನೂ ಏಕೆ ಬರಲಿಲ್ಲ ಎಂದು ಕಾದು ಕೂರುವವರು ಇನ್ನೊಂದು ಜಾತಿ. ನಾನು ಎರಡನೆಯ ಜಾತಿಯವನು. ಆಫೀಸಿಗೆ ಹೊರಟವನು ಮೆಟ್ಟಿಲಿಳಿದು, ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮತ್ತೆ ಹತ್ತಿ, ಆರಿಸಿದ್ದು ಕಂಡು ಇಳಿದು, ಆರಿಸಿದ್ದನ್ನು ನೋಡುವ ಭರದಲ್ಲಿ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಮೂರನೆಯ ಸಲ ಹತ್ತುವವನು. ಮೊಬೈಲಿನಲ್ಲಿ ಮಿಸ್ಡ್ ಕಾಲ್ ಕಂಡರೆ ವಾಪಸು ಕರೆ ಮಾಡುವ ಮೊದಲು ಒಂದು ಲೋಟ ನೀರು ಕುಡಿಯುವವನು. "ನಿಮಗೆ ಹೆದರೋದಕ್ಕೆ ಕಾರಣ ಬೇಡ, ಸಮಯ ಇದ್ರೆ ಸಾಕು" ಎಂದು ನನ್ನ ಹೆಂಡತಿ ಸುಮಿತ್ರಾ ಹೇಳುತ್ತಿದ್ದಳು. ಅವಳು ತೀರಿಕೊಂಡು ಹತ್ತು ತಿಂಗಳಾದಾಗ ನಡೆದ ಸಂಗತಿ ಇದು. ಆಗ ನನಗೆ ಸಮಯಕ್ಕೆ ಏನೂ ಕೊರತೆ ಇರಲಿಲ್ಲ.

ದೆಹಲಿಯ ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಸುತ್ತಮುತ್ತ ನಾಲ್ಕು ಕನ್ನಡದ ಮನೆಗಳು ಸೇರಿಕೊಂಡು ಒಂದು ಪದ್ಧತಿ ಇಟ್ಟುಕೊಂಡಿದ್ದೆವು. ಎರಡು ತಿಂಗಳಿಗೊಂದು ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ಎಲ್ಲರೂ ಸೇರಿ ಅಡುಗೆ ಮಾಡುವುದು. ಯಾರೂ ಮಾಡಿದ ಅಡುಗೆ ತರಬಾರದು, ಮನೆಯವರೂ ಮಾಡಿಟ್ಟಿರಬಾರದು. ತರಕಾರಿ ಹೆಚ್ಚುವುದರಿಂದ ಹಿಡಿದು ಪಾತ್ರೆ ತೊಳೆಯುವವರೆಗೆ ಎಲ್ಲವೂ ಒಟ್ಟಿಗೇ ಆಗಬೇಕು. ಮನೆಯವರ ಕೆಲಸ ಅಡುಗೆಮನೆಯನ್ನು ಒಪ್ಪಿಸಿ ಪಕ್ಕಕ್ಕೆ ನಿಲ್ಲುವುದು, ಅಷ್ಟೇ. ಇದನ್ನು ಶುರುಮಾಡಿದವರು ಸುಮಿತ್ರಾ ಮತ್ತು ಹಿಂದಿನ ಬ್ಲಾಕಿನ ಗಿರಿಜಾ. ಗಿರಿಜಾ, ಅವಳ ಗಂಡ ಕುಲಕರ್ಣಿ, ಇಬ್ಬರೂ ಧಾರವಾಡದವರು. ಮೂರನೆಯವರು ನಮ್ಮ ಆಫೀಸಿನ ಸ್ಟೆನೊ ಫಿಲೋಮಿನಾ, ಮಂಗಳೂರಿನ ಕಡೆಯವರು. ನಾಲ್ಕನೆಯವನು ಶಿವಣ್ಣ, ಮೈಸೂರಿನವನು, ಲಕ್ಷ್ಮೀ ನಗರದ ಒಂದು ಕೋಚಿಂಗ್ ಸೆಂಟರಿನಲ್ಲಿ ಪಾಠ ಹೇಳುವ ಬ್ರಹ್ಮಚಾರಿ. ಅವನದು ಒಂದೇ ಕೋಣೆಯ ಬಾಡಿಗೆ ಮನೆ. ಅವನ ಸರದಿ ಬಂದಾಗ ನಾವು ಮಂಚದ ಮೇಲೆ ಕೂತು ಹುರುಳಿಕಾಯಿ ಸೋಸುತ್ತಿದ್ದೆವು.

ಸುಮಿತ್ರಾ ಹೋದಮೇಲೆ ಈ ಭಾನುವಾರಗಳು ತಾವಾಗಿಯೇ ನಿಂತುಹೋದವು. ಚಳಿಗಾಲದಲ್ಲಿ ಮತ್ತೆ ಶುರುವಾದವು. ಎರಡು ಮನೆ ಆಯಿತು. ನಾನು ಹೋಗಿ ಒಂದು ಮೂಲೆಯಲ್ಲಿ ಬಟಾಣಿ ಸುಲಿದು ಬಂದೆ. ಫೆಬ್ರವರಿಯಲ್ಲಿ ಗಿರಿಜಾ ಫೋನು ಮಾಡಿದಳು.

"ಅಣ್ಣಾರ, ಈ ಸಲ ನಿಮ್ಮ ಮನಿ ಪಾಳಿ ಬಂದದ. ಹ್ಯಾಂಗ ಮಾಡೋಣು? ನಿಮಗ ತ್ರಾಸ ಆಗ್ತದಂದ್ರ ಬಿಟ್ಟು ಶಿವಣ್ಣನ ಮನಿಗೆ ಹೋಗೋಣು."

ಬಿಟ್ಟು ಎಂಬ ಒಂದು ಮಾತಿಗೆ ನಾನು ನಡುಗಿದೆ. ಒಮ್ಮೆ ಬಿಟ್ಟರೆ ಅದು ಮುಂದಿನ ಸಲವೂ ಬಿಟ್ಟುಹೋಗುತ್ತದೆ, ಆಮೇಲೆ ಈ ಮನೆಗೆ ಸರದಿಯೇ ಇಲ್ಲವೆಂದಾಗುತ್ತದೆ. ಅವರು ಬಂದುಬಿಟ್ಟರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು. ಎರಡು ಹೆದರಿಕೆಗಳನ್ನೂ ತೂಗಿ ನೋಡುವಷ್ಟರಲ್ಲಿ ಬಾಯಿ "ಬನ್ನಿ, ಬನ್ನಿ" ಎಂದುಬಿಟ್ಟಿತ್ತು. ಫೋನಿಟ್ಟು ನೀರು ಕುಡಿದೆ.

ಅವರು ಬರುವುದಕ್ಕೆ ನಾನೇಕೆ ಹೆದರಬೇಕು ಎಂದು ನೀವು ಕೇಳಬಹುದು. ಹತ್ತು ತಿಂಗಳಲ್ಲಿ ಮನೆಯಲ್ಲಿ ಸುಮಿತ್ರಾ ಇಟ್ಟದ್ದು ಇಟ್ಟಲ್ಲಿ ಯಾವುದೂ ಉಳಿದಿರಲಿಲ್ಲ. ಸೀರೆಗಳನ್ನು ಅವಳ ತಂಗಿ ಬಂದು ಮಡಿಸಿ ತೆಗೆದುಕೊಂಡು ಹೋದಳು. ಮಂಚವನ್ನು ಯಾರೋ ಗೋಡೆ ಕಡೆಗೆ ತಿರುಗಿಸಿದರು. ದೇವರ ಪಟಗಳು ಕೂಡ ತಿಥಿಯ ಗಡಿಬಿಡಿಯಲ್ಲಿ ಹಿಂದುಮುಂದಾದವು. ಅಡುಗೆಮನೆಯೊಂದು ಮಾತ್ರ ಅವಳು ಬಿಟ್ಟುಹೋದ ಹಾಗೆಯೇ ಇತ್ತು. ಒಟ್ಟು ಮೂವತ್ತೊಂದು ಡಬ್ಬಿ. ನಾನು ಒಂದು ಡಬ್ಬಿಯನ್ನು ತೆಗೆದರೆ ಅದನ್ನು ಅಲ್ಲೇ ಇಟ್ಟು, ಮುಚ್ಚಳ ಯಾವ ಕಡೆ ತಿರುಗಿತ್ತೋ ಆ ಕಡೆಗೇ ತಿರುಗಿಸಿ ಬರುತ್ತಿದ್ದೆ. ಈಗ ಮಗಳು ಅನುವೂ ಸೇರಿ ಐದು ಜನ, ಹತ್ತು ಕೈ. ಮಧ್ಯಾಹ್ನ ಊಟದ ಹೊತ್ತಿಗೆ ಉಪ್ಪಿನ ಜಾಗದಲ್ಲಿ ಸಾಸಿವೆ ಕೂತಿರುತ್ತದೆ. ಸಾಸಿವೆ ಮೊದಲು ಎಲ್ಲಿತ್ತು ಎಂದು ಕೇಳಲು ನಾನು ಯಾರ ಹತ್ತಿರ ಹೋಗಲಿ?

ಅಡುಗೆಮನೆಯ ಆ ಜೋಡಣೆಯನ್ನು ಸ್ವಲ್ಪ ವಿವರಿಸಬೇಕು. ನಮ್ಮ ಅಡುಗೆಮನೆಯಲ್ಲಿ ಮೂರು ಕಲ್ಲಿನ ಹಲಗೆಗಳು. ತಲೆಗಿಂತ ಮೇಲೆ ಒಂದು, ಎದೆಯ ಎತ್ತರಕ್ಕೆ ಒಂದು, ಕಟ್ಟೆಯ ಕೆಳಗೆ ಒಂದು. ಸುಮಿತ್ರಾ ಮೇಲಿನದನ್ನೂ ಕೆಳಗಿನದನ್ನೂ ಪೂರ್ತಿ ಖಾಲಿ ಬಿಟ್ಟು, ನಡುವಿನ ಹಲಗೆಯ ಮೇಲೆ ಡಬ್ಬಿಗಳನ್ನು ಎರಡು ಸಾಲಾಗಿ ಒತ್ತೊತ್ತಾಗಿ ಇಟ್ಟಿದ್ದಳು. ಅಲ್ಲಿ ಹಿಡಿಸದ್ದು ಫ್ರಿಜ್ಜಿನ ತಲೆಯ ಮೇಲೆ, ಕಿಟಕಿಯ ದಂಡೆಯ ಮೇಲೆ. ಅಕ್ಕಿ ಡಬ್ಬಿಯಂತೂ ಊಟದ ಮೇಜಿನ ಮೇಲೇ ಅತಿಥಿಯ ಹಾಗೆ ಕೂತಿತ್ತು. ಈ ವಿಚಿತ್ರ ಜೋಡಣೆಯ ಗುಟ್ಟು ನನಗೊಬ್ಬನಿಗೆ ಗೊತ್ತಿತ್ತು. ಅದು ಭೂಕಂಪದ ಮುನ್ನೆಚ್ಚರಿಕೆ. ದೆಹಲಿ ಆಗಾಗ ಅಲುಗುವ ಊರು. ಒಂದು ಬೆಳಿಗ್ಗೆ ಪಂಖ ತಾನಾಗಿ ತೂಗಿದ್ದನ್ನು ಕಂಡ ದಿನದಿಂದ ನಾನು ಅವಳಿಗೆ, ತಲೆಯ ಮೇಲಿನ ಹಲಗೆಯಲ್ಲಿ ಭಾರದ ಡಬ್ಬಿ ಇಡಬೇಡ, ಇಡಬೇಡ ಎಂದು ವರ್ಷಗಟ್ಟಲೆ ಹೇಳಿದ್ದೆ. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಕೊನೆಗೊಂದು ವರ್ಷ ಡಬ್ಬಿಗಳು ಒಂದೊಂದಾಗಿ ಕೆಳಗಿಳಿದವು. "ಅಂತೂ ನನ್ನ ಮಾತು ಕೇಳಿದೆಯಲ್ಲ!" ಎಂದು ನಾನು ಬೀಗಿದೆ. "ಹೂಂ, ಬೇಳೆ ಡಬ್ಬಿ ನಿಮ್ಮ ತಲೆ ಮೇಲೆ ಬಿದ್ರೆ ಬೇಳೆ ಹಾಳಾಗುತ್ತಲ್ಲ" ಎಂದಳು. ಇಪ್ಪತ್ತೇಳು ವರ್ಷದ ದಾಂಪತ್ಯದಲ್ಲಿ ಅವಳು ನನ್ನ ಸಲಹೆಯಂತೆ ಮಾಡಿದ ಏಕೈಕ ಕೆಲಸವೆಂದು ನಾನು ಆಫೀಸಿನಲ್ಲಿ ಎಷ್ಟೋ ಜನರ ಮುಂದೆ ಹೇಳಿಕೊಂಡದ್ದುಂಟು.

ಈ ಜೋಡಣೆಯನ್ನು ಹತ್ತು ಕೈಗಳಿಂದ ಕಾಪಾಡಬೇಕಿತ್ತು. ನಾನು ಒಂದು ಸಚಿವಾಲಯದ ರೆಕಾರ್ಡ್ ರೂಮಿನವನು. ಫೈಲುಗಳನ್ನು ಹೊರಗೆ ಕಳಿಸಿ ಅದೇ ಜಾಗಕ್ಕೆ ಮರಳಿ ತರಿಸುವುದೇ ನನ್ನ ಕಸುಬು. ನಮ್ಮಲ್ಲಿ ಒಂದು ಫೈಲು ತೆಗೆದರೆ ಅದರ ಜಾಗದಲ್ಲಿ ಒಂದು ಚೀಟಿ ಇಡಬೇಕು. ಯಾವ ಫೈಲು, ಯಾರು ಒಯ್ದರು, ಯಾವಾಗ ತರುತ್ತಾರೆ, ಇಷ್ಟು ಬರೆದಿರಬೇಕು. ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ ಅರವತ್ತು ಚೀಟಿ ಮಾಡಿದೆ. ಡಬ್ಬಿಗಳಿಗೆ ಒಂದರಿಂದ ಮೂವತ್ತೊಂದು ನಂಬರು ಅಂಟಿಸಿದೆ. ಪ್ರತಿ ಡಬ್ಬಿಯ ಸುತ್ತ ಪೆನ್ಸಿಲಿನಿಂದ ಗೀಟು ಎಳೆದು, ಗೀಟಿನೊಳಗೆ ಅದರ ನಂಬರು ಬರೆದೆ. ಬಾಗಿಲ ಪಕ್ಕ ದಾರದಲ್ಲಿ ಒಂದು ಪೆನ್ನು ಕಟ್ಟಿದೆ. ಅಷ್ಟು ಮಾಡಿ ಒಂದು ಹೆಜ್ಜೆ ಹಿಂದೆ ಸರಿದು ನೋಡಿದಾಗ, ಆ ಹತ್ತು ತಿಂಗಳಲ್ಲಿ ಮೊದಲ ಸಲ ನನಗೆ ಸ್ವಲ್ಪ ಧೈರ್ಯ ಬಂತು.

ಉಳಿದ ಸಿದ್ಧತೆ ಸುಲಭದ್ದಲ್ಲ. ನಮ್ಮ ಅಡುಗೆಮನೆ ಎಷ್ಟು ಕಿರಿದೆಂದರೆ ಒಬ್ಬರು ಕುಕ್ಕರು ಇಳಿಸಲು ತಿರುಗಿದರೆ ಇನ್ನೊಬ್ಬರು ಹಾಲ್‌ಗೆ ಬರಬೇಕು. ಸುಮಿತ್ರಾ ಇದ್ದಾಗ ಆರು ಜನ ಅದರಲ್ಲಿ ಹೇಗೆ ಹಿಡಿಸುತ್ತಿದ್ದರೋ ತಿಳಿಯದು. ನಾನು ಊಟದ ಮೇಜನ್ನು ಎಳೆದು ಬಾಗಿಲಿಗೆ ಆನಿಸಿದೆ, ಹೆಚ್ಚುವವರಿಗೆ. ಬಾಲ್ಕನಿಯಲ್ಲಿ ಚಾಪೆ ಹಾಸಿದೆ, ಸುಲಿಯುವವರಿಗೆ. ಪಕ್ಕದ ಮನೆಯಿಂದ ಇನ್ನೊಂದು ಒಲೆ ತಂದೆ. ತಂದ ಕೂಡಲೇ ಎರಡು ಒಲೆ ಎಂದರೆ ಎರಡು ಬೆಂಕಿ ಎಂಬುದು ಹೊಳೆಯಿತು. ಆಫೀಸಿನ ವರಾಂಡದಲ್ಲಿ ಕೆಂಪು ಬಕೆಟುಗಳಲ್ಲಿ ಮರಳು ತೂಗುಹಾಕಿರುತ್ತಾರಲ್ಲ, ಹಾಗೆ ನಮ್ಮಲ್ಲೂ ಇರಲಿ ಎಂದು, ಮೆಟ್ರೊಗೆ ರಸ್ತೆ ಅಗೆಯುತ್ತಿದ್ದಲ್ಲಿಗೆ ಹೋಗಿ "ಭಯ್ಯಾ, ಥೋಡಾ ರೇತ್" ಎಂದು ಬೇಡಿ ಒಂದು ಬಕೆಟು ಮರಳು ಹೊತ್ತು ತಂದೆ. ಹೊಸ ಚಾಕುಗಳು ಮೂರು ಕೊಂಡು, ಅವುಗಳ ಹೊಳಪು ನೋಡಿ ಹೆದರಿ, ಅಲ್ಮೇರಾದಲ್ಲಿಟ್ಟು ಬೀಗ ಹಾಕಿದೆ.

ಮುಖರ್ಜಿ ನಗರದಲ್ಲಿ ಪಿ.ಜಿ.ಯಲ್ಲಿದ್ದು ಪರೀಕ್ಷೆಗೆ ಓದುತ್ತಿರುವ ಮಗಳು ಅನು ಭಾನುವಾರ ಬೆಳಿಗ್ಗೆ ಬಂದವಳು ಬಾಗಿಲಲ್ಲೇ ನಿಂತಳು.

"ಅಪ್ಪಾ, ಯೇ ಕ್ಯಾ ಹೈ? ಕಿಚನ್‌ನಲ್ಲಿ ಮರಳು ಯಾಕೆ?"

"ಬೆಂಕಿ ಬಿದ್ದರೆ."

"ಮತ್ತೆ ಚಾಕು?"

"ಬೀಗದಲ್ಲಿದೆ. ಬೇಕಾದವರು ಕೇಳಿ ತಗೋಬಹುದು."

ಅವಳು ಪೆನ್ಸಿಲಿನ ಗೀಟುಗಳನ್ನು ಬಹಳ ಹೊತ್ತು ನೋಡಿದಳು. ಏನೋ ಹೇಳಲು ಬಾಯಿ ತೆರೆದು, "ಅಚ್ಛಾ, ಠೀಕ್ ಹೈ" ಎಂದಷ್ಟೇ ಹೇಳಿ ಬ್ಯಾಗು ಕೆಳಗಿಟ್ಟಳು.

ಹತ್ತು ಗಂಟೆಗೆ ನಾಲ್ವರೂ ಐ.ಎನ್.ಎ. ಮಾರ್ಕೆಟ್ಟಿನ ಚೀಲಗಳೊಂದಿಗೆ ಬಂದರು. ನಾನು ಬಾಗಿಲಲ್ಲಿ ನಿಂತು ನಿಯಮಗಳನ್ನು ವಿವರಿಸಿದೆ. ಕುಲಕರ್ಣಿ ಒಂದು ಚೀಟಿ ಕೈಗೆತ್ತಿಕೊಂಡು ಹಿಂದುಮುಂದು ತಿರುಗಿಸಿದರು. ಹಿಂಭಾಗದಲ್ಲಿ ಯಾರದೋ ಮದುವೆಯ ಮುಹೂರ್ತವಿತ್ತು.

"ಅಲ್ರೀ, ಉಪ್ಪು ಬೇಕಂದ್ರ ಅರ್ಜಿ ಹಾಕಬೇಕೇನು? ಒಂದು ಪ್ರತಿ ಸಾಕೋ, ಮೂರು ಬೇಕೋ?"

"ಒಂದು ಸಾಕು" ಎಂದೆ. ಅವರು ಕೇಳಿದ್ದು ತಮಾಷೆಗೆ ಎಂದು ತಿಳಿದದ್ದು ಎಲ್ಲರೂ ನಕ್ಕಮೇಲೆ.

ಫಿಲೋಮಿನಾ ಹಲಗೆಯ ಹತ್ತಿರ ಹೋಗಿ, ಅಕ್ಕಿಹಿಟ್ಟಿನ ಡಬ್ಬಿ ಎತ್ತಿದವರು, "ಇದೆಂಥದು ಮಾರಾಯ್ರೆ ಗೀಟು? ಪೊಲೀಸಿನವರು ಹೆಣದ ಸುತ್ತ ಎಳೀತಾರಲ್ಲ, ಹಾಗೆ ಉಂಟು" ಎಂದರು. ಹೇಳಿದ ಮೇಲೆ ತಾವು ಯಾರ ಅಡುಗೆಮನೆಯಲ್ಲಿ ನಿಂತಿದ್ದೇವೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡರು. ಆಮೇಲೆ ಅರ್ಧ ಗಂಟೆ, ಪಾಪ, ಅವರಷ್ಟು ಅಚ್ಚುಕಟ್ಟಾಗಿ ಚೀಟಿ ಬರೆದವರು ಬೇರೆ ಯಾರೂ ಇಲ್ಲ. "ಡಬ್ಬಿ ನಂಬರು ಹದಿನಾಲ್ಕು, ಅಕ್ಕಿಹಿಟ್ಟು, ಫಿಲೋಮಿನಾ, ಹತ್ತು ನಿಮಿಷ" ಎಂದು ಶೀಘ್ರಲಿಪಿಯ ಕೈಯಲ್ಲಿ ಬರೆದು ಗೀಟಿನೊಳಗೇ ಇಡುತ್ತಿದ್ದರು.

ಕೆಟ್ಟದ್ದು ಶುರುವಾದದ್ದು ಒಗ್ಗರಣೆಯಿಂದ. ಒಗ್ಗರಣೆಗೆ ಚೀಟಿ ಬರೆಯುವಷ್ಟು ತಾಳ್ಮೆ ಇರುವುದಿಲ್ಲ ಎಂಬ ಸಂಗತಿ ರೆಕಾರ್ಡ್ ರೂಮಿನವನಿಗೆ ಹೇಗೆ ತಿಳಿಯಬೇಕು?

"ಸೀನಣ್ಣ, ಇಂಗು!" ಎಂದು ಶಿವಣ್ಣ ಸೌಟು ಹಿಡಿದು ನನ್ನತ್ತ ಕೂಗಿದ.

"ನಂಬರು ಇಪ್ಪತ್ತೆರಡು. ಚೀಟಿ ಬರೆದು..."

"ಸ್ವಾಮೀ, ಸಾಸಿವೆ ಸಿಡೀತಾ ಇದೆ! ಚೀಟಿ ಆಮೇಲೆ ಬರೀತೀನಿ, ಮೊದಲು ಇಂಗು ಕೊಡಿ, ನಿಮ್ಮ ದಮ್ಮಯ್ಯ!"

ನಾನು ಇಂಗನ್ನೂ ಪೆನ್ನನ್ನೂ ಒಟ್ಟಿಗೆ ಕೊಟ್ಟೆ. ಅವನು ಎರಡನ್ನೂ ಒಂದೇ ಕೈಯಲ್ಲಿ ಹಿಡಿಯಹೋದ. ಕಟ್ಟೆಯ ಮೇಲಿದ್ದ ಮೂರು ಚೀಟಿಗಳು ಹಾರಿ, ಒಂದು ಸಾರಿನೊಳಗೆ ಬಿತ್ತು. ಗಿರಿಜಾ ಅದನ್ನು ಸೌಟಿನಲ್ಲಿ ಎತ್ತಿ, "ಮೆಂತೆ, ಶಿವಣ್ಣ, ಐದು ನಿಮಿಷ" ಎಂದು ಓದಿ, "ಐದು ನಿಮಿಷಕ್ಕ ಶಿವಣ್ಣ ಛಲೋ ಕುದ್ದಾನ ನೋಡ್ರಿ" ಎಂದಳು. ನಗುವಿನ ಗದ್ದಲದಲ್ಲಿ ಯಾರ ಕೈ ಯಾವ ಡಬ್ಬಿಯ ಮೇಲೆ ಹೋಯಿತೋ ನನಗೆ ಕಾಣಲಿಲ್ಲ. ಹನ್ನೊಂದೂವರೆಗೆ ಗೀಟಿನೊಳಗಿದ್ದ ಡಬ್ಬಿಗಳು ಒಂಬತ್ತು. ಉಳಿದವು ಮೇಜು, ಬಾಲ್ಕನಿ, ಕುರ್ಚಿ, ಟಿ.ವಿ.ಯ ಮೇಲೆ ಕೂಡ ಹರಡಿಕೊಂಡಿದ್ದವು. "ಅಪ್ಪಾ, ನೀವು ಸ್ವಲ್ಪ ಬಿಸಿಲಲ್ಲಿ ಕೂತ್ಕೊಳ್ಳಿ ನಾ" ಎಂದು ಅನು ನನ್ನನ್ನು ಬಾಲ್ಕನಿಗೆ ದೂಡಿದಳು. ಅಲ್ಲಿ ಕೂತು, ಯಾವ ಡಬ್ಬಿ ಎಲ್ಲಿತ್ತೆಂದು ಕಣ್ಣು ಮುಚ್ಚಿ ಒಂದರಿಂದ ಎಣಿಸತೊಡಗಿದೆ. ಹದಿನೇಳಕ್ಕೆ ಬಂದು ನಿಂತುಹೋಯಿತು. ಹದಿನೇಳು ಏನಿತ್ತು? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಸುಮಿತ್ರಾಳ ಮುಖವೇ ಒಂದು ಕ್ಷಣ ಮರೆತ ಹಾಗಾಯಿತು.

ಎದ್ದು ಒಳಗೆ ಓಡಿದೆ. ಗಿರಿಜಾ ಒಂದು ಡಬ್ಬಿಯನ್ನು ಒರೆಸಿ, ತುದಿಗಾಲಲ್ಲಿ ನಿಂತು, ಮೇಲಿನ ಹಲಗೆಗೆ ಇಡುತ್ತಿದ್ದಳು.

"ಮೇಲಿಡಬೇಡಿ!" ಎಂದು ನಾನು ಕಿರುಚಿದೆ. ಅವಳ ಕೈಯಲ್ಲಿದ್ದ ಡಬ್ಬಿ ಬೀಳುವುದು ತಪ್ಪಿತು. ಎಲ್ಲರೂ ತಿರುಗಿ ನೋಡಿದರು. ನನ್ನ ದನಿಗೆ ನನಗೇ ನಾಚಿಕೆಯಾಗಿ, ಭೂಕಂಪದ ಸಂಗತಿಯನ್ನು ವಿವರಿಸಿದೆ. ಸುಮಿತ್ರಾ ನನ್ನ ಮಾತು ಕೇಳಿ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದ್ದನ್ನು, ಅದು ಹಾಗೆಯೇ ಇರಬೇಕು ಎಂಬುದನ್ನು, ಅದಕ್ಕಾಗಿಯೇ ಈ ಚೀಟಿಗಳೆಂಬುದನ್ನು ಹೇಳಿದೆ. ಕುಲಕರ್ಣಿಯೂ ಶಿವಣ್ಣನೂ ನಕ್ಕರು. ಫಿಲೋಮಿನಾ ಮುಗುಳ್ನಕ್ಕರು. ಗಿರಿಜಾ ನಗಲಿಲ್ಲ. ಅನು ತಲೆ ತಗ್ಗಿಸಿ ಬದನೆಕಾಯಿ ಹೆಚ್ಚುತ್ತಿದ್ದಳು.

"ಅಣ್ಣಾರ" ಎಂದಳು ಗಿರಿಜಾ. "ಇದು ಭೂಕಂಪಕ್ಕ ಇಟ್ಟಿದ್ದಲ್ರೀ. ಆಕಿಗೆ ಕೈ ಮ್ಯಾಲೆ ಎತ್ತಿದ್ರ ಉಸರು ಹತ್ತತಿತ್ತು. ಅದಕ ಮ್ಯಾಲಿನ ಡಬ್ಬಿ ಒಂದೊಂದ ಇಳಿಸಿದ್ಲು. ಆಮ್ಯಾಲೆ ಬಗ್ಗಲಿಕ್ಕೂ ಆಗಲಾರದ್ದಕ್ಕ ಕೆಳಗಿನವು ಮ್ಯಾಲೆ ಬಂದ್ವು. 'ನೋಡು ಗಿರಿಜಾ, ಎಷ್ಟು ಚೆಂದ ಇತ್ತು ನನ್ನ ಅಡಗಿಮನಿ, ಹ್ಯಾಂಗ ಗುಜರಿ ಅಂಗಡಿ ಆಗೇದ' ಅಂತ ಬೇಜಾರ ಮಾಡ್ಕೊಳ್ತಿದ್ಲು. ನಿಮಗ ಗೊತ್ತದ ಅಂತ ತಿಳಕೊಂಡಿದ್ದೆ ನಾ."

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಯಾರೂ ಉರಿ ಆರಿಸಲಿಲ್ಲ. ನಾನು ಅನುವನ್ನು ನೋಡಿದೆ.

"ಮುಝೇ ಪತಾ ಥಾ, ಅಪ್ಪಾ" ಎಂದಳು ಅವಳು, ಹೆಚ್ಚುವುದನ್ನು ನಿಲ್ಲಿಸದೆ. "ಅಮ್ಮ ಹೇಳ್ಬೇಡ ಅಂದಿದ್ರು. ಹೇಳಿದ್ರೆ ನೀವು ಹೆದರಿಕೊಳ್ತೀರಿ ಅಂತ."

ವಿವರಿಸಲು ಹೆಚ್ಚೇನೂ ಇಲ್ಲ. ಒಂದು ಫೈಲು ಅರ್ಧ ಇಂಚು ಸರಿದಿದ್ದರೆ ಬಾಗಿಲಿನಿಂದಲೇ ಗುರುತಿಸುವವನು ನಾನು. ನನ್ನ ಮನೆಯ ಮೂವತ್ತೊಂದು ಡಬ್ಬಿಗಳು ಒಂದು ವರ್ಷದ ಉದ್ದಕ್ಕೂ ಒಂದೊಂದಾಗಿ ಜಾಗ ಬಿಟ್ಟು ಬರುತ್ತಿದ್ದಾಗ, ಅದು ನನ್ನ ಬುದ್ಧಿಮಾತಿನ ಫಲವೆಂದು ಬೀಗುತ್ತ ಚಹಾ ಕುಡಿದೆ. ಮೂವತ್ತೊಂದು ಸಲ ಅವಳು ಹೇಳಿದಂತಾಯಿತು. ಮೂವತ್ತೊಂದು ಸಲವೂ ನಾನು ಶಹಬ್ಬಾಸ್ ಎಂದೆ. ಅದನ್ನೇ ಹತ್ತು ತಿಂಗಳು ಅವಳ ಇಷ್ಟವೆಂದು ತಿಳಿದು, ಸುತ್ತ ಗೀಟು ಎಳೆದು ಕಾವಲು ಕೂತಿದ್ದೆ.

"ಮೊದ್ಲು ಹ್ಯಾಂಗ ಇತ್ತೋ ಹಂಗ ಇಡೋಣೇನು?" ಎಂದು ಗಿರಿಜಾ ಮೆಲ್ಲಗೆ ಕೇಳಿದಳು. ಇಡಿ ಎಂದೆ.

ಶಿವಣ್ಣ ಸ್ಟೂಲು ಹತ್ತಿದ. ಆಗ ಒಂದು ಹೊಸ ಗಲಾಟೆ. ಸುಮಿತ್ರಾಳ ಮೊದಲಿನ ಜೋಡಣೆ ಏನಿತ್ತು ಎಂಬುದರಲ್ಲಿ ಯಾರಿಗೂ ಒಮ್ಮತವಿಲ್ಲ. ತೊಗರಿಬೇಳೆ ಎಡಕ್ಕೆ ಎಂದು ಗಿರಿಜಾ, ಛೆ, ಎಡಕ್ಕೆ ರವೆ ಅಲ್ವಾ ಎಂದು ಫಿಲೋಮಿನಾ. "ಈ ಮನಿಯೊಳಗ ಚುರುಮುರಿ ಡಬ್ಬಿ ಎಲ್ಲಿತ್ತು ಅಂತ ನನಗ ಗೊತ್ತದ, ಉಳಿದದ್ದು ಕೇಳಬ್ಯಾಡ್ರಿ" ಎಂದು ಕುಲಕರ್ಣಿ. "ನಂಬಿ ನನ್ನ, ಬೆಲ್ಲ ಮೂಲೆಯಲ್ಲಿತ್ತು, ಯಾಕಂದ್ರೆ ನಾನೇ ಕದ್ದು ತಿಂದಿದೀನಿ" ಎಂದು ಸ್ಟೂಲಿನ ಮೇಲಿಂದ ಶಿವಣ್ಣ. ನನ್ನನ್ನು ಯಾರೂ ಕೇಳಲಿಲ್ಲ, ಕೇಳಿದ್ದರೂ ನನ್ನಲ್ಲಿ ದಾಖಲೆ ಇರಲಿಲ್ಲ. ಒಬ್ಬೊಬ್ಬರೂ ತಮತಮಗೆ ನೆನಪಿದ್ದ ಕಡೆ ಡಬ್ಬಿಗಳನ್ನು ಇಟ್ಟರು. ಫಿಲೋಮಿನಾ ಒದ್ದೆ ಬಟ್ಟೆ ತಂದು ನಡುಹಲಗೆಯನ್ನು ಒರೆಸಿದರು. ಎರಡು ಗಂಟೆಗೆ ಊಟ. ರೊಟ್ಟಿ, ಎಣ್ಣೆಗಾಯಿ, ನೀರುದೋಸೆ, ಶಿವಣ್ಣನ ಸಾರು. ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಹಾಕಿದವರು ಯಾರೆಂದು ತಿಳಿಯಲು ಚೀಟಿ ಇರಲಿಲ್ಲ. ಎಲ್ಲರೂ ಸೇರಿಯೇ ತಿಂದು ಮುಗಿಸಿದೆವು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಾನು ಎತ್ತರದಲ್ಲಿ ಐದಡಿ ಎರಡಂಗುಲ, ಮಂಡಿಗಳಿಗೆ ನನಗಿಂತ ಹತ್ತು ವರ್ಷ ಹೆಚ್ಚಾಗಿದೆ. ಚಹಾ ಪುಡಿಗೆ ದಿನಾ ಬೆಳಿಗ್ಗೆ ಸ್ಟೂಲು ಹತ್ತಿ ಇಳಿದು, ನಾಲ್ಕನೆಯ ದಿನ ಚಹಾ ಡಬ್ಬಿಯನ್ನು ನಡುಹಲಗೆಗೆ ತಂದಿಟ್ಟೆ. ಭಾನುವಾರ ಅನು ಬಂದಳು. ಚಪ್ಪಲಿ ಕಳಚುವ ಮೊದಲೇ ಅಡುಗೆಮನೆಗೆ ಹೋಗಿ, ಬಿಳಿಚಿಕೊಂಡು ಹೊರಬಂದಳು.

"ಅಪ್ಪಾ, ಚಾಯ್ ಕಾ ಡಬ್ಬಾ ನೀಚೇ ಕ್ಯೂಂ ಹೈ?"

"ಮಂಡಿ ನೋವು, ಪುಟ್ಟಾ. ಸೋಮಾರಿತನ."

"ಸಚ್ ಬೋಲೋ. ಉಸಿರು ಸಿಗ್ತಾ ಇದೆಯಾ? ಕೈ ಎತ್ತಿ. ಎರಡೂ ಎತ್ತಿ. ಇನ್ನೂ ಮೇಲೆ!"

ಹಾಲ್‌ನ ಮಧ್ಯೆ ಎರಡೂ ಕೈ ಎತ್ತಿ ನಿಂತೆ. ಅವಳಿಗೆ ಸಮಾಧಾನವಾಗಲಿಲ್ಲ. ಮಾರನೆಯ ದಿನ ಕೋಚಿಂಗ್ ಬಿಟ್ಟು ನನ್ನನ್ನು ಡಿಸ್ಪೆನ್ಸರಿಗೆ ಎಳೆದೊಯ್ದಳು. ಎದೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡಿದ ಡಾಕ್ಟರು, ಹೃದಯ ಗಟ್ಟಿಯಾಗಿದೆ, ಮಂಡಿ ಮಾತ್ರ ಹಳೆಯದು ಎಂದರು. ಮುಂದಿನ ವಾರ ಸಕ್ಕರೆ ಕೆಳಗೆ ಬಂತು, ಮತ್ತೊಂದು ವಿಚಾರಣೆ ಆಯಿತು. ಅದರ ಮುಂದಿನ ವಾರ ಅಕ್ಕಿ ಇಳಿಸಿದ್ದಕ್ಕೆ ಅವಳು ಅಳತೊಡಗಿದಳು. ಈಗ ಅವಳು ಪ್ರತಿ ಭಾನುವಾರ ಬಂದು ಮೊದಲು ನೋಡುವುದು ನನ್ನ ಮುಖವನ್ನಲ್ಲ, ನಡುಹಲಗೆಯನ್ನು. ಪರೀಕ್ಷೆ ಹತ್ತಿರ ಬಂದಿದೆ, ಹುಡುಗಿ ಹೆದರಿಕೊಂಡರೆ ಓದುವುದು ಹೇಗೆ?

ಹಾಗಾಗಿ ವಾರವೆಲ್ಲ ಡಬ್ಬಿಗಳು ನನ್ನ ಎದೆಯ ಎತ್ತರಕ್ಕೆ ಹಾಯಾಗಿ ಇರುತ್ತವೆ. ಶನಿವಾರ ಸಂಜೆ ಸ್ಟೂಲು ಹತ್ತಿ, ಮಂಡಿಯನ್ನು ಬೈಯುತ್ತ, ಒಂದೊಂದನ್ನೇ ಮೇಲಿಟ್ಟು, ನಡುಹಲಗೆಯನ್ನು ಒರೆಸಿ ಖಾಲಿ ಬಿಡುತ್ತೇನೆ. ಅವಳ ಅಮ್ಮನಿಗೆ ಹೀಗೆ ಮರೆಮಾಚುವ ಶ್ರಮವಿರಲಿಲ್ಲ. ಅವಳ ಕಾಲದಲ್ಲಿ ಈ ಮನೆಯಲ್ಲಿ ನೋಡುವವನೆಂದು ಇದ್ದವನು ನಾನೊಬ್ಬನೇ.